ಅರ್ಥಶಾಸ್ತ್ರವೋ, ಗಣಿತವೋ? ಮೇಜರ್ ಆರಿಸುವ ಮುಂಚೆ

ಪ್ರತಿ ವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. "ಲೆಕ್ಕ ಚೆನ್ನಾಗಿ ಬರುತ್ತೆ. ಎಕನಾಮಿಕ್ಸ್ ತಗೊಳ್ಳಲಾ, ಮ್ಯಾಥ್ಸ್ ತಗೊಳ್ಳಲಾ?" ಅದರ ಬೆನ್ನಿಗೇ ಇನ್ನೊಂದು: "ಯಾವುದಕ್ಕೆ ಸಂಬಳ ಜಾಸ್ತಿ?"

ನಾನು ಓದಿದ್ದು ಗಣಿತ. ಕೆಲಸ ಮಾಡುವುದು ಡೇಟಾ ನೋಡುವ ಒಂದು ತಂಡದಲ್ಲಿ. ಅಕ್ಕಪಕ್ಕ ಕೂತವರಲ್ಲಿ ಅರ್ಧ ಜನ ಅರ್ಥಶಾಸ್ತ್ರ ಓದಿದವರು. ಹಾಗಾಗಿ ಎರಡೂ ಕಡೆಯ ಜಂಬ ಗೊತ್ತು, ಎರಡೂ ಕಡೆಯ ಹುಳುಕೂ ಗೊತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಬಳದ ಪಟ್ಟಿ ಮುಂದಿಟ್ಟುಕೊಂಡು ಇವೆರಡರಲ್ಲಿ ಒಂದನ್ನು ಆರಿಸಲು ಹೋಗಬೇಡಿ. ಎರಡೂ ಒಳ್ಳೆಯ ಕೆಲಸಕ್ಕೆ ದಾರಿ ಮಾಡಿಕೊಡುತ್ತವೆ, ಎಷ್ಟೋ ಸಲ ಒಂದೇ ಕೆಲಸಕ್ಕೆ. ಆದರೆ ಮೂರು ನಾಲ್ಕು ವರ್ಷ ಕೂತು ಒದ್ದಾಡುವುದಿದೆಯಲ್ಲ, ಆ ಒದ್ದಾಟ ಮಾತ್ರ ಪೂರ್ತಿ ಬೇರೆ. ಯಾವುದು ನಿಮ್ಮ ಕೈಲಿ ತಡೆದುಕೊಳ್ಳಲು ಆಗುತ್ತದೆ ಅಂತ ನೋಡಿಕೊಳ್ಳಿ.

ಲೆಕ್ಕ ಬೇರೆ, ಗಣಿತ ಬೇರೆ

ಶಾಲೆಯಲ್ಲಿ ಗಣಿತ ಅಂದರೆ ಲೆಕ್ಕ ಬಿಡಿಸುವುದು. ಸೂತ್ರ ಇರುತ್ತದೆ, ಸಂಖ್ಯೆ ಹಾಕಿದರೆ ಉತ್ತರ ಬರುತ್ತದೆ, ಪುಸ್ತಕದ ಕೊನೆಯ ಪುಟ ತೆಗೆದು ತಾಳೆ ನೋಡಬಹುದು. ಕ್ಯಾಲ್ಕುಲಸ್ ತನಕ ಹೆಚ್ಚುಕಡಿಮೆ ಇದೇ ಕಥೆ. ಗಣಿತವನ್ನೇ ಮೇಜರ್ ಆಗಿ, ಅಂದರೆ ಡಿಗ್ರಿಯ ಮುಖ್ಯ ವಿಷಯವಾಗಿ ತಗೊಂಡರೆ ಒಂದೆರಡು ವರ್ಷದಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. ರಿಯಲ್ ಅನಾಲಿಸಿಸ್, ಅಬ್‌ಸ್ಟ್ರಾಕ್ಟ್ ಆಲ್ಜೀಬ್ರಾ ಶುರುವಾದ ಮೇಲೆ ಪ್ರಶ್ನೆಪತ್ರಿಕೆಯಲ್ಲಿ "ಕಂಡುಹಿಡಿಯಿರಿ" ಅನ್ನುವುದು ಅಪರೂಪ. ಎಲ್ಲೆಲ್ಲೂ "ಸಾಧಿಸಿ", "ಸಾಧಿಸಿ".

ಒಂದು ಉದಾಹರಣೆ ಕೊಡುತ್ತೇನೆ. ಪೆನ್ನು ಎತ್ತದೆ ಒಂದು ಗೆರೆ ಎಳೆಯಿರಿ. ಅದು ಸೊನ್ನೆಯ ಕೆಳಗೆ ಶುರುವಾಗಿ ಸೊನ್ನೆಯ ಮೇಲೆ ಮುಗಿಯಲಿ. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಅದು ಸೊನ್ನೆಯನ್ನು ಮುಟ್ಟಲೇಬೇಕು, ಅಲ್ವಾ? ಮಕ್ಕಳಿಗೂ ಗೊತ್ತಾಗುವ ಮಾತು. ಅನಾಲಿಸಿಸ್ ಕ್ಲಾಸಿನಲ್ಲಿ ಇದನ್ನೇ ಸಾಧಿಸಿ ಅನ್ನುತ್ತಾರೆ. "ಕಣ್ಣಿಗೆ ಕಾಣ್ತಿದೆಯಲ್ಲ, ಇದರಲ್ಲಿ ಸಾಧಿಸೋದೇನಿದೆ?" ಅಂತ ನನಗೂ ರೇಗಿತ್ತು.

ಆಮೇಲೆ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ಒಂದು ಸಂಖ್ಯೆ ತಗೊಳ್ಳಿ, ಅದರ ವರ್ಗದಿಂದ 2 ಕಳೆಯಿರಿ. ಸಂಖ್ಯೆ 1 ಆದರೆ ಬರುವುದು −1, ಸೊನ್ನೆಗಿಂತ ಕೆಳಗೆ. ಸಂಖ್ಯೆ 2 ಆದರೆ ಬರುವುದು 2, ಸೊನ್ನೆಗಿಂತ ಮೇಲೆ. ಈಗ ನಿಮ್ಮ ಹತ್ತಿರ ಇರುವುದು ಪೂರ್ಣ ಸಂಖ್ಯೆ ಮತ್ತು ಭಿನ್ನರಾಶಿಗಳು ಮಾತ್ರ ಅಂದುಕೊಳ್ಳಿ. ನಡುವೆ ಸೊನ್ನೆ ಕೊಡುವ ಭಿನ್ನರಾಶಿ ಯಾವುದು? ಹುಡುಕಿದರೂ ಸಿಗುವುದಿಲ್ಲ. 2ರ ವರ್ಗಮೂಲ ಭಿನ್ನರಾಶಿಯೇ ಅಲ್ಲ. ಅಂದರೆ ಗೆರೆ ಸೊನ್ನೆಯನ್ನು ಮುಟ್ಟದೆಯೇ ಆಚೆಗೆ ದಾಟಿಬಿಟ್ಟಿತು! ಕಣ್ಣಿಗೆ ಕಾಣುವ ಆ ಮಾತು ನಿಜವಾಗಬೇಕಾದರೆ ಸಂಖ್ಯೆಗಳ ನಡುವೆ ಎಲ್ಲೂ ತೂತು ಇರಬಾರದು. ಆ ತೂತನ್ನು ಮುಚ್ಚುವ ಕೆಲಸಕ್ಕೇ ಅರ್ಧ ಸೆಮಿಸ್ಟರ್ ಹಿಡಿಯುತ್ತದೆ.

ಇದನ್ನು ಓದಿ "ಅರೆ!" ಅನ್ನಿಸಿತಾ? ಹಾಗಾದರೆ ಗಣಿತ ನಿಮಗೆ ಹಿಡಿಸಬಹುದು. "ಸರಿ, ಅದಕ್ಕೇನೀಗ?" ಅನ್ನಿಸಿದರೆ ಅದರಲ್ಲೂ ತಪ್ಪೇನಿಲ್ಲ. ಆದರೆ ಲೆಕ್ಕದಲ್ಲಿ ನೂರಕ್ಕೆ ನೂರು ಬರುತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಈ ಕಡೆ ಬರಬೇಡಿ. ನನ್ನ ಜೊತೆ ಸೇರಿದವರಲ್ಲಿ ಬಿಟ್ಟುಹೋದವರು ದಡ್ಡರೇನಲ್ಲ. ಒಂದೇ ಸಮಸ್ಯೆಯ ಮುಂದೆ ಮೂರು ದಿನ ಕೂತು, ಅರ್ಧ ಪುಟವೂ ಬರೆಯದೆ ಏಳುವುದು ಅವರಿಗೆ ಒಗ್ಗಲಿಲ್ಲ ಅಷ್ಟೆ.

ಅರ್ಥಶಾಸ್ತ್ರದಲ್ಲಿ ನಿಜವಾಗಿ ಏನು ಮಾಡುತ್ತಾರೆ

ಅರ್ಥಶಾಸ್ತ್ರ ಅಂದಕೂಡಲೇ ಜನಕ್ಕೆ ಷೇರು, ಬಜೆಟ್, ಬಡ್ಡಿ ದರ ನೆನಪಾಗುತ್ತದೆ. ಯಾವ ಷೇರು ಕೊಳ್ಳಬೇಕು ಅಂತ ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ, ಅದನ್ನು ನಿರೀಕ್ಷಿಸಿ ಬಂದವರಿಗೆ ಮೊದಲ ವರ್ಷವೇ ನಿರಾಸೆ. ಬೇಡಿಕೆ, ಪೂರೈಕೆ, ಹಣದುಬ್ಬರ ಇವೆಲ್ಲ ಇರುತ್ತವೆ. ಆದರೆ ವಿಷಯದ ತಿರುಳು ಬೇರೆ ಕಡೆ ಇದೆ: ಇದು ಆದದ್ದರಿಂದಲೇ ಅದು ಆಯಿತು ಅಂತ ಹೇಗೆ ಹೇಳುತ್ತೀರಿ?

1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಕೂಲಿ ಏರಿದರೆ ಅಂಗಡಿಯವರು ಆಳುಗಳನ್ನು ಕಡಿಮೆ ಮಾಡುತ್ತಾರೆ ಅನ್ನುವುದು ಪಠ್ಯಪುಸ್ತಕದ ಮಾತು. ನೋಡುವುದು ಹೇಗೆ? ನ್ಯೂಜೆರ್ಸಿಯ ಮೊದಲಿನ ಸ್ಥಿತಿ, ಆಮೇಲಿನ ಸ್ಥಿತಿ ಎರಡನ್ನೇ ಹೋಲಿಸಿದರೆ ಸಾಲದು. ಆ ವರ್ಷ ವ್ಯಾಪಾರವೇ ಡಲ್ ಆಗಿದ್ದಿರಬಹುದು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಪಕ್ಕದ ಪೆನ್ಸಿಲ್ವೇನಿಯಾದ ಪೂರ್ವ ಭಾಗವನ್ನೂ ಜೊತೆಗೆ ತಗೊಂಡರು. ಅಲ್ಲಿ ಕೂಲಿ ಬದಲಾಗಿರಲಿಲ್ಲ. ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಕೂಲಿ ಏರುವ ಮೊದಲು ಒಮ್ಮೆ, ಏರಿದ ಮೇಲೆ ಒಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಅವರಿಗೆ ಸಿಗಲಿಲ್ಲ. ಈ ಬಗೆಯ ಕೆಲಸಕ್ಕಾಗಿ ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು.

ಇಲ್ಲಿ ಬಳಸಿದ ಗಣಿತ ಏನು? ಎರಡು ಕಳೆಯುವ ಲೆಕ್ಕ, ಆಮೇಲೆ ಆ ಎರಡು ಉತ್ತರಗಳ ನಡುವೆ ಮತ್ತೊಂದು ಕಳೆಯುವ ಲೆಕ್ಕ. ಜಾಣತನ ಇರುವುದು ಯಾವುದರಿಂದ ಯಾವುದನ್ನು ಕಳೆಯಬೇಕು ಅನ್ನುವುದರಲ್ಲಿ. ಇನ್ನೊಂದು ವಿಷಯ ಗಮನಿಸಿ. ಆ ಉತ್ತರದ ಮೇಲೆ ವಾದ ಇಂದಿಗೂ ನಿಂತಿಲ್ಲ. ಬೇರೆಯವರು ಬೇರೆ ಅಂಕಿಗಳನ್ನು ತಂದು ಜಗಳವಾಡಿದರು. ಗಣಿತದಲ್ಲಿ ಒಮ್ಮೆ ಸಾಧಿಸಿದರೆ ಮುಗಿಯಿತು, ಎರಡು ಸಾವಿರ ವರ್ಷ ಕಳೆದರೂ ಅದು ಹಾಗೇ ಇರುತ್ತದೆ. ಅರ್ಥಶಾಸ್ತ್ರದಲ್ಲಿ "ಬಹುಶಃ", "ಈ ಸಂದರ್ಭದಲ್ಲಿ" ಅನ್ನುವ ಪದಗಳ ಜೊತೆ ಬದುಕುವುದನ್ನು ಕಲಿಯಬೇಕು. ಕೆಲವರಿಗೆ ಇದು ಹಿಂಸೆ. ಕೆಲವರಿಗೆ ಇದೇ ರುಚಿ.

ಒಂದೇ ಟೇಬಲ್‌ನಲ್ಲಿ ಇಬ್ಬರು

ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗಾದ ಒಂದು ಅವಮಾನ ಹೇಳುತ್ತೇನೆ. ಒಂದು ಸರಕಿನ ಬೆಲೆ ಮತ್ತು ಮಾರಾಟದ ಅಂಕಿಗಳನ್ನು ಕೊಟ್ಟು, ಬೆಲೆ ಬದಲಾದರೆ ಮಾರಾಟ ಎಷ್ಟು ಬದಲಾಗುತ್ತದೆ ನೋಡು ಅಂದಿದ್ದರು. ನಾನು ಮಾಡೆಲ್ ಕಟ್ಟಿದೆ. ಎಲ್ಲ ಅಚ್ಚುಕಟ್ಟು. ಉತ್ತರ ಮಾತ್ರ ವಿಚಿತ್ರವಾಗಿತ್ತು: ಬೆಲೆ ಏರಿದರೆ ಮಾರಾಟವೂ ಏರುತ್ತದೆ! ಲೆಕ್ಕ ಮೂರು ಸಲ ನೋಡಿದೆ, ಸರಿಯಾಗಿಯೇ ಇತ್ತು. ಹಾಗೇ ತಗೊಂಡು ಹೋಗಿ ಮೀಟಿಂಗಿನಲ್ಲಿ ತೋರಿಸಿದೆ.

ಪಕ್ಕದಲ್ಲಿ ಕೂತಿದ್ದ ಅರ್ಥಶಾಸ್ತ್ರದ ಹುಡುಗಿ ನಕ್ಕಳು. "ಬೆಲೆ ಇಳಿಸಿದ್ದು ಯಾರು? ಯಾವಾಗ?" ಅಂತ ಕೇಳಿದಳು. ಆಗ ಹೊಳೆಯಿತು. ಮಾರಾಟ ಬಿದ್ದಾಗ ಮ್ಯಾನೇಜರ್ ಬೆಲೆ ಇಳಿಸುತ್ತಿದ್ದರು. ಜನ ಮುಗಿಬಿದ್ದು ಕೊಳ್ಳುವಾಗ ಇಳಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಬೆಲೆಯಿಂದ ಮಾರಾಟ ಬದಲಾಗುವ ಮೊದಲು ಮಾರಾಟದಿಂದಲೇ ಬೆಲೆ ಬದಲಾಗಿತ್ತು. ನನ್ನ ಅಂಕಿಗಳು ಎರಡನ್ನೂ ಕಲಸಿ ಕೂತಿದ್ದವು. ಅವಳಿಗೆ ಇದು ಎರಡನೇ ವರ್ಷದ ಪಾಠ. ನನಗೆ ಯಾರೂ ಹೇಳಿರಲಿಲ್ಲ.

ಆರು ತಿಂಗಳಾದ ಮೇಲೆ ಅವಳ ಸರದಿ. ಅವಳ ಮಾಡೆಲ್‌ನಲ್ಲಿ ಒಂದು ಕಾಲಮ್ ತಾನಾಗಿ ಮಾಯವಾಗುತ್ತಿತ್ತು, ಸಾಫ್ಟ್‌ವೇರ್ ಸುಮ್ನೆ ಅದನ್ನು ಕಿತ್ತುಹಾಕುತ್ತಿತ್ತು. ಎರಡು ದಿನ ಡೇಟಾದಲ್ಲಿ ತಪ್ಪು ಹುಡುಕಿದಳು. ನಾನು ನೋಡಿದೆ: ವಾರದ ದಿನಗಳ ಮಾರಾಟ, ವಾರಾಂತ್ಯದ ಮಾರಾಟ, ಒಟ್ಟು ಮಾರಾಟ, ಮೂರೂ ಕಾಲಮ್ ಒಟ್ಟಿಗೇ ಹಾಕಿದ್ದಳು. ಮೊದಲ ಎರಡನ್ನು ಕೂಡಿದರೆ ಮೂರನೆಯದು. ಅಂದರೆ ಮೂರನೆಯದರಲ್ಲಿ ಹೊಸ ಮಾಹಿತಿ ಏನೂ ಇಲ್ಲ. ಲೀನಿಯರ್ ಆಲ್ಜೀಬ್ರಾ ಕೈಗೆ ಹತ್ತಿದವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ.

ಎರಡು ಓದಿನ ವ್ಯತ್ಯಾಸವನ್ನು ನಾನು ಅರ್ಥಮಾಡಿಕೊಂಡದ್ದು ಈ ಎರಡು ಪ್ರಸಂಗಗಳಿಂದ. ನಾನು ಲೆಕ್ಕದ ಒಳಗೆ ತಪ್ಪು ಹುಡುಕುತ್ತಿದ್ದೆ, ಅವಳು ಲೆಕ್ಕಕ್ಕೆ ಮುಂಚೆ ಏನಾಯಿತು ಅಂತ ಕೇಳುತ್ತಿದ್ದಳು.

ಇನ್ನು ಸಂಬಳದ ಮಾತು

ಯಾವ ಮೇಜರ್‌ಗೆ ಎಷ್ಟು ಸರಾಸರಿ ಸಂಬಳ ಅನ್ನುವ ಪಟ್ಟಿಗಳು ಬೇಕಾದಷ್ಟಿವೆ. ಅವನ್ನು ನಂಬುವುದಕ್ಕೆ ಮೊದಲು ನನ್ನ ಬೆಲೆ-ಮಾರಾಟದ ಕಥೆ ನೆನಪಿಸಿಕೊಳ್ಳಿ. ಗಣಿತ ಓದಿದವರಿಗೆ ಸಂಬಳ ಜಾಸ್ತಿ ಅಂತ ಪಟ್ಟಿ ಹೇಳಿದರೆ, ಅದು ಗಣಿತ ಓದಿದ್ದರಿಂದ ಬಂದದ್ದೋ, ಗಣಿತ ಆರಿಸುವವರೇ ಮೊದಲಿನಿಂದ ಬೇರೆ ತರದವರೋ? ಸರಾಸರಿಗೆ ಅದು ಗೊತ್ತಿಲ್ಲ. ಅದೂ ಅಲ್ಲದೆ ಗಣಿತದ ಸರಾಸರಿಯಲ್ಲಿ ಶಾಲೆಯ ಮೇಷ್ಟ್ರೂ ಇರುತ್ತಾರೆ, ಹೂಡಿಕೆ ಕಂಪನಿಯಲ್ಲಿ ಕ್ವಾಂಟ್ (ಗಣಿತದ ಮಾಡೆಲ್ ಕಟ್ಟಿ ಹೂಡಿಕೆಯ ಲೆಕ್ಕ ಹಾಕುವವರು) ಆಗಿರುವವರೂ ಇರುತ್ತಾರೆ. ಇಬ್ಬರ ನಡುವಿನ ಸರಾಸರಿ ಸಂಬಳ ಎಣಿಸುವ ಮನುಷ್ಯ ಎಲ್ಲೂ ಇರಲಿಕ್ಕಿಲ್ಲ.

ಈ ತೊಡಕನ್ನು ಜಾಣತನದಿಂದ ಬಿಡಿಸಿದ ಒಂದು ಅಧ್ಯಯನ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಅರ್ಥಶಾಸ್ತ್ರ ಮೇಜರ್ ಸಿಗಬೇಕಾದರೆ ಆರಂಭದ ಎರಡು ಕೋರ್ಸ್‌ಗಳಲ್ಲಿ 4ಕ್ಕೆ ಸರಾಸರಿ 2.8 ಗ್ರೇಡ್ ಬೇಕಿತ್ತು. 2.8 ತಗೊಂಡವರಿಗೂ ಅದಕ್ಕಿಂತ ಒಂದು ಕೂದಲು ಕಡಿಮೆ ತಗೊಂಡವರಿಗೂ ಬುದ್ಧಿಯಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಒಬ್ಬರಿಗೆ ಮೇಜರ್ ಸಿಕ್ಕಿತು, ಇನ್ನೊಬ್ಬರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು, ಅಷ್ಟೆ. ಜಕಾರಿ ಬ್ಲೀಮರ್ ಮತ್ತು ಆಶಿಶ್ ಮೆಹ್ತಾ ಈ ಎರಡು ಗುಂಪಿನವರ ಮುಂದಿನ ಸಂಬಳ ಹೋಲಿಸಿದರು. ಗೆರೆ ದಾಟಿ ಅರ್ಥಶಾಸ್ತ್ರ ಓದಿದವರು ವೃತ್ತಿಯ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 22,000 ಡಾಲರ್, ಅಂದರೆ 46 ಪ್ರತಿಶತ ಜಾಸ್ತಿ ಗಳಿಸುತ್ತಿದ್ದರು.

ಇದನ್ನು ಓದಿ ಅರ್ಥಶಾಸ್ತ್ರಕ್ಕೆ ಹಾರಬೇಡಿ, ಸ್ವಲ್ಪ ತಡೆಯಿರಿ. ಹೋಲಿಕೆ ಇರುವುದು ಆ ವಿದ್ಯಾರ್ಥಿಗಳ ಎರಡನೇ ಆಯ್ಕೆಯ ಜೊತೆ. ಅರ್ಥಶಾಸ್ತ್ರ ಸಿಗದೆ ಅವರು ಹೆಚ್ಚಾಗಿ ಹೋದದ್ದು ಬೇರೆ ಸಮಾಜವಿಜ್ಞಾನಗಳಿಗೆ. ಗಣಿತಕ್ಕೆ ಹೋಲಿಸಿದರೆ ಏನು ಅಂತ ಇದು ಹೇಳುವುದಿಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ. ಆ ಹೆಚ್ಚಿನ ಸಂಬಳದಲ್ಲಿ ಸುಮಾರು ಅರ್ಧಕ್ಕೆ ಕಾರಣ ಅವರು ಸೇರಿದ ಉದ್ಯಮ. ಹಣಕಾಸು, ಬಿಸಿನೆಸ್ ಕಡೆ ಹೋಗುವ ಮನಸ್ಸು ಮಾಡಿದ್ದರಿಂದ ಸಂಬಳ ಬಂತು. ಅರ್ಥಶಾಸ್ತ್ರ ಓದಿ ಸಂಶೋಧನೆಗೋ ಸೇವಾ ಸಂಸ್ಥೆಗೋ ಹೋಗುವವರಿಗೆ ಈ 46 ಸುಮ್ಮನೆ ಒಂದು ಅಂಕಿ.

ಗಣಿತದ ಡಿಗ್ರಿಗೆ ಬೇರೊಂದು ತರದ ಬೆಲೆ ಇದೆ, ಅದನ್ನು ವಿವರಿಸಿದ್ದೂ ಒಬ್ಬ ಅರ್ಥಶಾಸ್ತ್ರಜ್ಞರೇ. ಕೆಲಸ ಕೊಡುವವರಿಗೆ ನಿಮ್ಮ ತಲೆಯೊಳಗೆ ಏನಿದೆ ಅಂತ ಕಾಣುವುದಿಲ್ಲ, ಹಾಗಾಗಿ ಕಷ್ಟದ ಡಿಗ್ರಿಯೊಂದು ಸಂಕೇತದಂತೆ ಕೆಲಸ ಮಾಡುತ್ತದೆ ಅಂತ ಮೈಕೆಲ್ ಸ್ಪೆನ್ಸ್ 1973ರಲ್ಲಿ ಬರೆದರು. ಅನಾಲಿಸಿಸ್‌ನಲ್ಲಿ ಕಲಿತ ಪ್ರಮೇಯ ಒಂದನ್ನೂ ನಾನು ಆಫೀಸಿನಲ್ಲಿ ಬಳಸಿಲ್ಲ. ಆದರೆ ಇಂಟರ್‌ವ್ಯೂಗೆ ಕರೆ ಬಂದದ್ದು ಅದನ್ನು ಪಾಸ್ ಮಾಡಿದ್ದಕ್ಕೇ ಅಂತ ನನ್ನ ಅನುಮಾನ.

ಯಾವ ಕೆಲಸಕ್ಕೆ ಯಾವುದು

ಕೆಲವು ಕೆಲಸಗಳಿಗೆ ಉತ್ತರ ನೇರವಾಗಿದೆ. ಕ್ರಿಪ್ಟೋಗ್ರಫಿ, ಗಣಿತ ಬೋಧನೆ, ಮಷೀನ್ ಲರ್ನಿಂಗ್‌ನ ಆಳದ ಸಂಶೋಧನೆ, ಕ್ವಾಂಟ್ ಕೆಲಸ ಬೇಕಾದರೆ ಗಣಿತ. ಕೇಂದ್ರ ಬ್ಯಾಂಕುಗಳು, ಸರ್ಕಾರದ ನೀತಿ ರೂಪಿಸುವ ವಿಭಾಗಗಳು, ಅಭಿವೃದ್ಧಿ ಸಂಸ್ಥೆಗಳು, ಸ್ಪರ್ಧಾ ಕಾನೂನಿನ ಸಲಹೆಗಾರಿಕೆ ಬೇಕಾದರೆ ಅರ್ಥಶಾಸ್ತ್ರ. ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್, ಬ್ಯಾಂಕಿಂಗ್, ಡೇಟಾ ಅನಲಿಸ್ಟ್ ಕೆಲಸಗಳಿಗೆ ಎರಡೂ ನಡೆಯುತ್ತದೆ. ಅಲ್ಲಿ ಡಿಗ್ರಿಯ ಹೆಸರಿಗಿಂತ ಕೋಡ್ ಬರೆಯಲು ಬರುತ್ತದಾ, ಒಂದು ಪುಟ ನೆಟ್ಟಗೆ ಬರೆಯಲು ಬರುತ್ತದಾ ಅಂತ ನೋಡುತ್ತಾರೆ. ಬರೆಯುವ ಅಭ್ಯಾಸದಲ್ಲಿ ಅರ್ಥಶಾಸ್ತ್ರದವರು ಮುಂದೆ, ಒಪ್ಪಿಕೊಳ್ಳಲೇಬೇಕು.

ಆಕ್ಚುಅರಿ ಕೆಲಸದ ಬಗ್ಗೆ ಒಂದು ಮಾತು. ವಿಮಾ ಕಂಪನಿಗಳಿಗೆ ಅಪಾಯದ ಲೆಕ್ಕ ಹಾಕುವವರು ಇವರು. ಇಲ್ಲಿ ಮೇಜರ್‌ಗಿಂತ ವೃತ್ತಿ ಪರೀಕ್ಷೆಗಳೇ ದೊಡ್ಡವು. ಅಮೆರಿಕದ ಸೊಸೈಟಿ ಆಫ್ ಆಕ್ಚುಅರೀಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಬರೆಯುವ ಎರಡು ಪರೀಕ್ಷೆಗಳು ಪ್ರಾಬಬಿಲಿಟಿ ಮತ್ತು ಹಣಕಾಸಿನ ಗಣಿತ. ಗಣಿತದವರಿಗೆ ಇದು ಸಲೀಸು, ಆದರೆ ಪ್ರಾಬಬಿಲಿಟಿ ಗಟ್ಟಿ ಇರುವ ಅರ್ಥಶಾಸ್ತ್ರದವರೂ ದಾಟುತ್ತಾರೆ. ಡಿಗ್ರಿ ಮುಗಿಯುವ ಮೊದಲೇ ಒಂದೆರಡು ಪರೀಕ್ಷೆ ಪಾಸಾಗಿದ್ದರೆ ಕೆಲಸ ಹುಡುಕುವುದು ಬಹಳ ಸುಲಭ.

ಆ ಕಡೆಯಿಂದ ಈ ಕಡೆಗೆ

ಇವೆರಡರ ನಡುವೆ ಬಾಗಿಲು ಇದೆ, ಆದರೆ ಅದು ಒಂದೇ ಕಡೆಗೆ ಸಲೀಸಾಗಿ ತೆರೆಯುತ್ತದೆ. ಗಣಿತದಿಂದ ಅರ್ಥಶಾಸ್ತ್ರಕ್ಕೆ ಬಂದವರು ಬಹಳ. ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್‌ಗೆ ಒಂದು ಪ್ಲೈವುಡ್ ಉದ್ಯಮದವರು ಯಾವ ಯಂತ್ರಕ್ಕೆ ಯಾವ ಕಚ್ಚಾಮಾಲು ಹಂಚಬೇಕು ಅಂತ ಕೇಳಿದ್ದರು. ಅದನ್ನು ಬಿಡಿಸಲು ಹೋಗಿ 1939ರ ಹೊತ್ತಿಗೆ ಅವರು, ಇರುವ ಮಿತಿಯೊಳಗೆ ಅತ್ಯುತ್ತಮ ಹಂಚಿಕೆ ಹುಡುಕುವ ವಿಧಾನವಾದ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಅಡಿಪಾಯ ಹಾಕಿದರು, 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2012ರಲ್ಲಿ ಅದೇ ಬಹುಮಾನ ಪಡೆದ ಲಾಯ್ಡ್ ಶಾಪ್ಲಿ ತಾನು ಅರ್ಥಶಾಸ್ತ್ರದ ಒಂದು ಕೋರ್ಸನ್ನೂ ಮಾಡಿದವನಲ್ಲ ಎಂದು ಹೇಳಿಕೊಂಡಿದ್ದರು. ಆದರೆ ಅರ್ಥಶಾಸ್ತ್ರಜ್ಞರೊಬ್ಬರಿಗೆ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂದದ್ದು ಇಲ್ಲ.

ಇಷ್ಟು ಎತ್ತರದ ಮಾತು ಬಿಡಿ, ಸಾಮಾನ್ಯ ವಿದ್ಯಾರ್ಥಿಗೂ ಇದೇ ನಿಯಮ. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕು ಅಂದರೆ ಒಳ್ಳೆಯ ವಿಭಾಗಗಳು ಮೊದಲು ನೋಡುವುದೇ ನಿಮ್ಮ ಗಣಿತದ ಗ್ರೇಡ್: ಬಹುಚರ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಅದರಲ್ಲೂ ರಿಯಲ್ ಅನಾಲಿಸಿಸ್. ಅರ್ಥಶಾಸ್ತ್ರದಲ್ಲಿ ಎಲ್ಲ ಎ ಗ್ರೇಡ್ ಇದ್ದು ಅನಾಲಿಸಿಸ್ ಮಾಡದವರು ಕೊನೆಯ ವರ್ಷ ಪರದಾಡುವುದನ್ನು ನೋಡಿದ್ದೇನೆ. ಆ ಕೋರ್ಸಿಗೆ ಮುಂಚೆ ಇನ್ನೆರಡು ಮೂರು ಕೋರ್ಸ್ ಮುಗಿಸಿರಬೇಕು, ಸಮಯವೇ ಉಳಿದಿರುವುದಿಲ್ಲ.

ಆದ್ದರಿಂದ ಇನ್ನೂ ಮನಸ್ಸು ಮಾಡದವರಿಗೆ ನಾನು ಹೇಳುವುದು ಇಷ್ಟು. ಮೊದಲ ವರ್ಷ ಗಣಿತದ ಕೋರ್ಸ್‌ಗಳನ್ನು ಬಿಡಬೇಡಿ, ಜೊತೆಗೆ ಮೈಕ್ರೋ (ಸೂಕ್ಷ್ಮ ಅರ್ಥಶಾಸ್ತ್ರ) ಒಂದು ತಗೊಳ್ಳಿ. ಗಣಿತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ ವಿಷಯ, ತಡವಾಗಿ ಶುರುಮಾಡಿದರೆ ಮೇಲಿನವು ಸಿಗುವುದಿಲ್ಲ. ಅರ್ಥಶಾಸ್ತ್ರವನ್ನು ಎರಡನೇ ವರ್ಷ ಹಿಡಿದರೂ ನಡೆಯುತ್ತದೆ. ಎರಡನೇ ವರ್ಷದ ಹೊತ್ತಿಗೆ ಪ್ರೂಫ್ ಬರೆಯುವುದು ಸಾಕಪ್ಪ ಅನ್ನಿಸಿದರೆ ಅರ್ಥಶಾಸ್ತ್ರ ಮೇಜರ್ ತಗೊಂಡು, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಪರೀಕ್ಷಿಸುವ ವಿಷಯ), ಒಂದು ಪ್ರೋಗ್ರಾಮಿಂಗ್ ಇಷ್ಟನ್ನು ಬಿಗಿಯಾಗಿ ಮಾಡಿ. ನಾನು ನೋಡಿದ ಮಟ್ಟಿಗೆ ಹೆಚ್ಚಿನವರಿಗೆ ಹೊಂದುವುದು ಇದೇ. ಗಣಿತದವನಾಗಿ ಇದನ್ನು ಹೇಳಲು ಸ್ವಲ್ಪ ಹೊಟ್ಟೆ ಉರಿಯುತ್ತದೆ! ಪ್ರೂಫ್ ಹಿಡಿಸಿದವರಿಗೆ ಮಾತ್ರ ಗಣಿತ ಮೇಜರ್, ಜೊತೆಗೆ ಎಕನಾಮೆಟ್ರಿಕ್ಸ್ ಒಂದಾದರೂ ಇರಲಿ. ಇಲ್ಲದಿದ್ದರೆ ನನ್ನ ಹಾಗೆ ಮೀಟಿಂಗಿನಲ್ಲಿ ನಗೆಪಾಟಲಾಗುತ್ತೀರಿ.

ಎರಡು ಮೇಜರ್ ಒಟ್ಟಿಗೇ ಮಾಡಬಹುದಾ? ಮಾಡಬಹುದು, ಆದರೆ ಎರಡರಲ್ಲೂ ಮಧ್ಯಮ ಗ್ರೇಡ್ ಬರುವುದಾದರೆ ಲಾಭವಿಲ್ಲ.

ಅಮೆರಿಕಕ್ಕೆ ಓದಲು ಹೋಗುವವರು ಇನ್ನೊಂದು ಸಣ್ಣ ವಿಷಯ ನೋಡಿಕೊಳ್ಳಬೇಕು. ವಿದೇಶಿ ವಿದ್ಯಾರ್ಥಿಗಳಿಗೆ ಡಿಗ್ರಿಯ ನಂತರ 12 ತಿಂಗಳು ತಮ್ಮ ವಿಷಯದ ಕೆಲಸ ಮಾಡಲು ಅವಕಾಶವಿದೆ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ವಿಷಯಗಳಿಗೆ ಮೇಲೆ ಇನ್ನೂ 24 ತಿಂಗಳು. ಗಣಿತ ಆ ಪಟ್ಟಿಯಲ್ಲಿದೆ. ಬರೀ ಎಕನಾಮಿಕ್ಸ್ ಇಲ್ಲ, ಆದರೆ ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್ ಅನ್ನುವ ವರ್ಗ ಇದೆ. ಎಷ್ಟೋ ಕಾಲೇಜುಗಳು ತಮ್ಮ ಅರ್ಥಶಾಸ್ತ್ರ ಡಿಗ್ರಿಯನ್ನು ಈ ವರ್ಗಕ್ಕೆ ಸೇರಿಸಿವೆ. ಪಾಠ ಅದೇ, ಮೇಷ್ಟ್ರೂ ಅವರೇ, ಕಾಗದದ ಮೇಲಿನ ಕೋಡ್ ಬೇರೆ. ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವಾಗಲೇ ಕೇಳಿ ತಿಳಿದುಕೊಳ್ಳಿ.

ಇನ್ನೂ ಗೊಂದಲ ಇದ್ದರೆ ಒಂದು ಶನಿವಾರ, ಭಾನುವಾರ ಇದಕ್ಕಾಗಿ ಇಡಿ. ಲೈಬ್ರರಿಯಿಂದ ಎರಡು ಪುಸ್ತಕ ತನ್ನಿ: ಒಂದು ರಿಯಲ್ ಅನಾಲಿಸಿಸ್‌ನ ಆರಂಭದ ಪುಸ್ತಕ, ಇನ್ನೊಂದು ಎರಡನೇ ವರ್ಷದ ಮೈಕ್ರೋ. ಮೊದಲ ವರ್ಷದ ಮೈಕ್ರೋ ಬೇಡ, ಅದು ತೀರಾ ಸಿಹಿ, ಮೋಸಹೋಗುತ್ತೀರಿ. ಎರಡರಲ್ಲೂ ಒಂದು ಅಧ್ಯಾಯ ಓದಿ, ಕೊನೆಯಲ್ಲಿರುವ ಅಭ್ಯಾಸದಲ್ಲಿ ಐದು ಪ್ರಶ್ನೆ ಉತ್ತರ ನೋಡದೆ ಬಿಡಿಸಲು ಕೂತುಕೊಳ್ಳಿ. ಎಷ್ಟು ಸರಿಯಾಯಿತು ಅಂತ ಎಣಿಸಬೇಡಿ. ಭಾನುವಾರ ರಾತ್ರಿ ಮಲಗಿದ ಮೇಲೂ ಯಾವ ಪುಸ್ತಕದ ಪ್ರಶ್ನೆ ತಲೆಯಲ್ಲಿ ತಿರುಗುತ್ತಿದೆ ಅಂತ ನೋಡಿಕೊಳ್ಳಿ.